ಒಂದೇ ತಂತಿಯಲ್ಲಿ ಜೋಗುಳ

ವಿಯೆಟ್ನಾಂನ ಹನೋಯಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಮೊಮ್ಮಗುವನ್ನು ಮಲಗಿಸುವಾಗ 'ಆ ಓಯ್' ಅಂತ ಎಳೆದು ಹಾಡುತ್ತಿದ್ದರು. ನಮ್ಮ 'ಜೋ ಜೋ' ಇದ್ದ ಹಾಗೆ. ಅದನ್ನು ಕೇಳಿ ಕೇಳಿಯೇ ನಾನು ಡಾನ್ ಬೌ ಕಲಿಯಲು ಕೂತಿದ್ದು.

ಈ ವಾದ್ಯಕ್ಕೆ ಒಂದೇ ತಂತಿ. ಉದ್ದನೆಯ ಮರದ ಪೆಟ್ಟಿಗೆ, ಎಡತುದಿಯಲ್ಲಿ ನೆಟ್ಟಗೆ ನಿಂತ ಬಳುಕುವ ಕಡ್ಡಿ, ಕಡ್ಡಿಗೆ ಸಿಕ್ಕಿಸಿದ ಸೋರೆ ಬುರುಡೆ. 'ಬೌ' ಅಂದರೆ ಸೋರೆಯೇ. ಹಿಂದೆ ಕುರುಡು ಹಾಡುಗಾರರು ಸಂತೆಗಳಲ್ಲಿ ಇದನ್ನು ನುಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಹೆಣ್ಣುಮಕ್ಕಳು ಡಾನ್ ಬೌ ಕೇಳಬಾರದು ಅಂತ ಹಳೆಯ ಮಾತೇ ಇದೆ. ಅಷ್ಟು ಮನಸ್ಸು ಸೆಳೆಯುತ್ತದೆ ಅಂತ.

ಮೊದಲ ಎರಡು ತಿಂಗಳು ಬಲಗೈಗೇ ಹೋಯಿತು. ತಂತಿಯ ಸರಿಯಾದ ಅರ್ಧಕ್ಕೆ ಅಂಗೈಯ ಅಂಚು ತಾಗಿಸಬೇಕು, ಬೆರಳಲ್ಲಿ ಹಿಡಿದ ಚಿಕ್ಕ ಕಡ್ಡಿಯಿಂದ ಮೀಟಬೇಕು, ಮೀಟಿದ ಕೂಡಲೇ ಕೈ ಎತ್ತಬೇಕು. ಎತ್ತುವುದು ತಡವಾದರೆ ದಪ್ ಅಂತ ಸದ್ದು ಸಾಯುತ್ತದೆ. ಮೊದಲೇ ಎತ್ತಿದರೆ ಇಡೀ ತಂತಿ ಒರಟಾಗಿ ಗುಂಯ್ ಅನ್ನುತ್ತದೆ. ಸರಿ ಬಿದ್ದರೆ ಮಾತ್ರ ಸಣ್ಣ ಗಂಟೆಯಂಥ ನಾದ. ತಂತಿಯ 1/2, 1/3, 1/4, 1/5, 1/6, 1/8, ಹೀಗೆ ಕೈ ತಾಗಿಸಲು ಆರು ಜಾಗ. ಪೆಟ್ಟಿಗೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದೆ.

ಉಳಿದ ಸ್ವರಗಳೆಲ್ಲ ಎಡಗೈಯಲ್ಲಿ. ತಂತಿ ಕಟ್ಟಿದ ಆ ಬಳುಕುವ ಕಡ್ಡಿಯನ್ನು ಎಡಕ್ಕೆ ಬಾಗಿಸಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ಬಲಕ್ಕೆ ಬಾಗಿಸಿದರೆ ಇಳಿಯುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುತ್ತೇವೆ ಅಲ್ವಾ, ಹಾಗೇ ಅಂದುಕೊಂಡು ನಾನು ಚೆಂದ ಕಂಡಲ್ಲೆಲ್ಲ ಜಾರು ಹಾಕುತ್ತಿದ್ದೆ.

"ರಾಗ ಇದೆ, ಮಾತು ಎಲ್ಲಿ?" ಅಂದರು ಕೋ. ಅಲ್ಲಿ ಟೀಚರಮ್ಮನಿಗೆ ಕೋ ಅನ್ನುತ್ತಾರೆ, ಅಪ್ಪನ ತಂಗಿಗೂ ಅದೇ ಪದ.

ವಾದ್ಯ ಪಕ್ಕಕ್ಕಿಡಿಸಿ ಬರೀ 'ಮಾ' ಅನ್ನಿಸಿದರು. ಹನೋಯಿಯ ಮಾತಿನಲ್ಲಿ ಆರು ಏರಿಳಿತ. ಸಮವಾಗಿ 'ಮಾ' ಅಂದರೆ ದೆವ್ವ. ಇಳಿಸಿ ಗಂಟಲಲ್ಲಿ ತಡೆದರೆ ಭತ್ತದ ಸಸಿ. ಹಾಡಿನಲ್ಲೂ ಇದು ತಪ್ಪುವಂತಿಲ್ಲ. ನನ್ನ ಜಾರುಗಳು ಪದಗಳನ್ನೇ ಕೆಡಿಸುತ್ತಿದ್ದವು.

ಆಮೇಲೆ ಅಜ್ಜಿಯನ್ನು ಕೇಳಿ ಜೋಗುಳ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಂದೊಂದು ಪದ ಬಾಯಲ್ಲಿ ಹೇಳುವುದು, ನಂತರ ಕಡ್ಡಿ ಬಾಗಿಸುವುದು. ನಾಲ್ಕು ಸಾಲಿಗೆ ಮೂರು ವಾರ ಹಿಡಿಯಿತು.

ಒಂದು ಮಧ್ಯಾಹ್ನ ಅವರ ಮನೆಯಲ್ಲೇ ನುಡಿಸಿದೆ. ಕೊಕ್ಕರೆ ಅನ್ನುವ ಪದ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದು, ಆ ಪದವನ್ನು ಮೆಲ್ಲಗೆ ಇಳಿಸಿ ಹೇಳಿ ತೋರಿಸಿದರು. ನಾನು ಕಡ್ಡಿಯನ್ನು ಇನ್ನೊಂದೇ ಚೂರು ಬಲಕ್ಕೆ ಬಾಗಿಸಿದೆ. ಅವರು ಮತ್ತೆ ಮಗುವಿನ ಬೆನ್ನು ತಟ್ಟತೊಡಗಿದರು.