ಫ್ರಿಜ್‌ನಲ್ಲಿ ಉಳಿದಿದ್ದರಲ್ಲೇ ಇವತ್ತಿನ ಊಟ

ಮೊದಲು ಫ್ರಿಜ್‌ನಲ್ಲಿರುವ ಡಬ್ಬಿಗಳನ್ನೆಲ್ಲ ಹೊರಗೆ ತೆಗೆದು ಸಾಲಾಗಿ ಇಡಿ. ಬಾಗಿಲು ತೆರೆದು ನಿಂತು ಯೋಚಿಸಿದರೆ ಹಿಂದೆ ಸೇರಿಕೊಂಡಿದ್ದು ಕಾಣುವುದೇ ಇಲ್ಲ. ಏನು ಮಾಡಲಿ ಅನ್ನುವುದು ಆಮೇಲಿನ ಮಾತು, ಯಾವುದು ಬೇಗ ಖಾಲಿಯಾಗಬೇಕು ಅಂತ ನೋಡಿ.

ಫ್ರಿಜ್ 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದರೆ ಬೇಯಿಸಿದ ಅಡುಗೆ 3–4 ದಿನ ಇರುತ್ತದೆ. ಅನ್ನದ ವಿಷಯದಲ್ಲಿ ಮಾತ್ರ ನಾನು ಜಾಸ್ತಿ ಹುಷಾರು, ಮರುದಿನವೇ ಮುಗಿಸುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು, ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಸಿ ನೋಡಿದರೆ ಗೊತ್ತೂ ಆಗುವುದಿಲ್ಲ. 2 ಗಂಟೆಗಿಂತ ಜಾಸ್ತಿ ಹೊರಗಿದ್ದ ಅನ್ನವನ್ನು ದಯವಿಟ್ಟು ಎಸೆದುಬಿಡಿ.

ಈಗ ಡಬ್ಬಿಗಳನ್ನು ಎರಡು ಪಾಲು ಮಾಡಿ. ಒಣಗಿದ್ದು ಬಾಣಲೆಗೆ, ನೀರಾಗಿರುವುದು ಪಾತ್ರೆಗೆ.

ತಣ್ಣನೆಯ ಅನ್ನ ಹುರಿಯುವುದಕ್ಕೆ ಬಿಸಿ ಅನ್ನಕ್ಕಿಂತ ಎಷ್ಟೋ ವಾಸಿ. ಫ್ರಿಜ್‌ನಲ್ಲಿ ಪಿಷ್ಟ ಗಟ್ಟಿಯಾಗಿ ಅಗುಳು ಅಗುಳಾಗಿ ಬಿಡುತ್ತದೆ, ಅಂಟುವುದಿಲ್ಲ. ಒದ್ದೆ ಬೆರಳಿನಲ್ಲಿ ಗಂಟು ಬಿಡಿಸಿಕೊಳ್ಳಿ. ಅಗಲವಾದ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಲಿ, ಈರುಳ್ಳಿಯ ಅಂಚು ಕಂದಾದ ಮೇಲೆ ಹಸಿ ತರಕಾರಿ ಹಾಕಿ, ಅದು ಮುಕ್ಕಾಲು ಬೆಂದ ಮೇಲೆ ಅನ್ನ. ಎಲ್ಲರೂ ತಪ್ಪುವುದು ಇಲ್ಲೇ: ನಿನ್ನೆ ಬೆಂದಿರುವುದನ್ನು ಮೊದಲೇ ಹಾಕಿ, ಹಸಿಯದರ ಜೊತೆ ಮತ್ತೆ ಬೇಯಿಸಿ ಮುದ್ದೆ ಮಾಡಿಬಿಡುತ್ತಾರೆ. ಬೆಂದದ್ದು ಯಾವಾಗಲೂ ಕೊನೆಗೆ. ಅನ್ನವನ್ನು ಹರಡಿ ಒಂದು ನಿಮಿಷ ಸುಮ್ನೆ ಬಿಡಿ, ಚಟಚಟ ಸದ್ದು ಬಂದು ತಳ ಕೆಂಪಾಗಲಿ. ಆಮೇಲೆ ತಿರುವಿ, ಪಕ್ಕಕ್ಕೆ ಸರಿಸಿ, ಖಾಲಿ ಜಾಗದಲ್ಲಿ ಮೊಟ್ಟೆ ಒಡೆದು ಹಾಕಿ.

ರುಚಿ ಸಪ್ಪೆ ಅನ್ನಿಸಿದರೆ ತಕ್ಷಣ ಉಪ್ಪಿಗೆ ಕೈ ಹಾಕಬೇಡಿ. ನಿನ್ನೆಯ ಅಡುಗೆಯಲ್ಲಿ ಉಪ್ಪು ಇದ್ದೇ ಇರುತ್ತದೆ ಅಲ್ವಾ? ಒಲೆ ಆರಿಸಿ ಅರ್ಧ ನಿಂಬೆ ಹಿಂಡಿ ನೋಡಿ.

ಮೆತ್ತಗಾದ ತರಕಾರಿ, ಬೇಳೆ ಇದ್ದರೆ ನೀರು ಸೇರಿಸಿ ಕುದಿಸಿ, ಅರ್ಧ ಭಾಗ ಮಸೆದರೆ ದಪ್ಪ ಸೂಪ್. ಗಟ್ಟಿಯಾದ ಬ್ರೆಡ್ಡನ್ನು ಕಾವಲಿ ಮೇಲೆ ಬಿಸಿ ಮಾಡಿ ಅದರ ಜೊತೆಗಿಡಿ. ಬ್ರೆಡ್ ಫ್ರಿಜ್‌ನಲ್ಲಿ ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ, ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ.

ಏನೇ ಮಾಡಿದರೂ ನಡುವಿನ ತನಕ ಹಬೆಯಾಡಬೇಕು, ಅಂದರೆ 74 ಡಿಗ್ರಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡದಿರುವುದು ವಾಸಿ, ಅದಕ್ಕೇ ಬಿಸಿ ಮಾಡುವ ಮೊದಲೇ ಬೇಕಾದಷ್ಟು ಮಾತ್ರ ತೆಗೆದುಕೊಂಡು ಡಬ್ಬಿಯನ್ನು ಕೂಡಲೇ ಫ್ರಿಜ್‌ಗೆ ಸೇರಿಸಿ.