ಟೀ ಶರ್ಟ್ ಮೇಲೆ ಒತ್ತಕ್ಷರ ಒಡೆಯದಂತೆ ಮಾಡಿದ್ದು

ಸಿಟಿ ಬಸ್ಸಿನ ಸೀಟಿನಲ್ಲಿ ಮೂರನೆಯವನಾಗಿ ಕೂರಲು ಬಂದ ಆನೆಯ ಕಾರ್ಟೂನ್ ಅದು. ಆನೆಯ ಮಾತು: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತು. ಪ್ರಿಂಟಿಂಗ್ ಅಂಗಡಿಯಿಂದ ಬಂದ ಸ್ಯಾಂಪಲ್ ಟೀ ಶರ್ಟ್ ಮೇಲೆ ‘ಸ್‌ವಲ್‌ಪ’ ಆಗಿತ್ತು. ಓದುವವರು ಅಲ್ಲೇ ಎಡವಿದರೆ ನಗು ಎಲ್ಲಿಂದ ಬರಬೇಕು, ಅಲ್ವಾ?

ಫಾಂಟ್ ಕಳಿಸಿಕೊಟ್ಟೆ, ಪ್ರಯೋಜನವಾಗಲಿಲ್ಲ. ಒತ್ತಕ್ಷರ ಕೂಡಿಸುವ ನಿಯಮ ಫಾಂಟ್‌ನಲ್ಲಿದ್ದರೂ ಅದನ್ನು ಪಾಲಿಸುವ ಕೆಲಸ ಸಾಫ್ಟ್‌ವೇರ್‌ನದು. ಅಂಗಡಿಯ ಹಳೆಯ ಸಾಫ್ಟ್‌ವೇರ್ ಅದನ್ನು ಮಾಡುತ್ತಿರಲಿಲ್ಲ.

ಹಾಗಾಗಿ ಅಕ್ಷರವನ್ನೇ ಚಿತ್ರವಾಗಿಸಿದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ‘ಬಲೂ ತಮ್ಮ’ ಎಂಬ ಕನ್ನಡ ಫಾಂಟ್ ಹಾಕಿ ಟೈಪ್ ಮಾಡಿದೆ. ದುಂಡು ದುಂಡಾದ ಈ ಫಾಂಟ್ ಕಾಮಿಕ್‌ಗೆ ತುಂಬಾ ಒಪ್ಪುತ್ತದೆ. ಆಮೇಲೆ ಸಾಲನ್ನು ಸೆಲೆಕ್ಟ್ ಮಾಡಿ, ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿದೆ; ಅಕ್ಷರಗಳು ಬರೀ ಆಕಾರಗಳಾದವು. ಆಮೇಲೆ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ, ಅದಕ್ಕೆ ಮೂಲ ಫೈಲಿನ ಒಂದು ಕಾಪಿ ಬೇರೆ ಇಡಲೇಬೇಕು. 12 ಇಂಚು ಅಗಲಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ), ಅಂದರೆ 3600 ಪಿಕ್ಸೆಲ್, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಕಳಿಸಿದೆ.

‘ಲ್ಪ’ದ ಒತ್ತು ಈಗ ಅಚ್ಚುಕಟ್ಟಾಗಿ ಕೆಳಗೆ ಕೂತಿದೆ. ಅದೇ ಫೈಲ್ ಮಗ್‌ಗೂ ಆಯಿತು.