ಕೊಡಗಿನ ರೆಸಾರ್ಟ್ ಆಫರ್: ಮುಂಗಡ ಕಟ್ಟುವ ಮುನ್ನ

ಮಳೆಗಾಲದ ಆಫರ್ ನೋಡಿ ಮಡಿಕೇರಿ ಕಡೆ ಹೊರಟಿರುವವರಿಗೆ ಒಂದು ಮಾತು. "ಎರಡು ರಾತ್ರಿ, ಊಟ ತಿಂಡಿ ಸೇರಿ, ಮಕ್ಕಳಿಗೆ ಉಚಿತ" ಎಂಬ ಜಾಹೀರಾತು ನಂಬಿ ಕಳೆದ ಜುಲೈಯಲ್ಲಿ ನಾವು ಐವರು ಹೋಗಿದ್ದೆವು. ಉಚಿತವೆಂದರೆ ಐದು ವರ್ಷದೊಳಗಿನವರಿಗೆ ಮಾತ್ರವಂತೆ; ನಮ್ಮ ಮಗಳಿಗೆ ಆರು. ಊಟವೆಂದರೆ ಬರೀ ಬೆಳಗಿನ ತಿಂಡಿ. 'ಕಣಿವೆ ನೋಟದ ಕೋಣೆ'ಯ ಕಿಟಕಿ ತೆರೆದರೆ ಕಂಡದ್ದು ಜನರೇಟರ್ ಶೆಡ್ಡು, ಅದರ ಸೂರಿನಡಿ ಸಾಲಾಗಿ ನೇತುಹಾಕಿದ ಒದ್ದೆ ಟವೆಲ್ಲುಗಳು. ಆ ಮಳೆಯಲ್ಲಿ ಅವು ಒಣಗುವುದು ಯಾವ ಕಾಲಕ್ಕೋ! ಕಡಂಬುಟ್ಟು ತಿನ್ನುವ ಆಸೆಯಿಂದ ಬಂದಿದ್ದ ಅತ್ತೆಯವರಿಗೆ ಸಿಕ್ಕಿದ್ದು ತಣ್ಣನೆಯ ಬ್ರೆಡ್ಡು.

ಫೋನಿನಲ್ಲಿ ಹೇಳಿದ್ದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ: ಎಷ್ಟು ಹೊತ್ತಿನ ಊಟ, ಯಾವ ವಯಸ್ಸಿನ ಮಗುವಿಗೆ ಉಚಿತ, ತೆರಿಗೆ ಸೇರಿ ಒಟ್ಟು ಎಷ್ಟು. ಕೋಣೆಯ ಕಿಟಕಿಯಿಂದಲೇ ತೆಗೆದ ಫೋಟೊ ಕೇಳಿ. ಕೊಡಲು ಹಿಂಜರಿದರೆ ಬೇರೆ ಕಡೆ ನೋಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ. ನಾವು ಊರಿಗೆ ಮರಳುವಷ್ಟರಲ್ಲಿ ಅದು ಮಾಯವಾಗಿತ್ತು, ಪುಣ್ಯಕ್ಕೆ ನಾದಿನಿಯ ಮೊಬೈಲಿನಲ್ಲಿ ಉಳಿದಿತ್ತು.

ಬಿಲ್ಲಿನಲ್ಲಿ ಸೇವಾ ಶುಲ್ಕ ತಾನಾಗಿ ಸೇರಿದ್ದರೆ ತೆಗೆಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಅದನ್ನು ಕಡ್ಡಾಯ ಮಾಡುವಂತಿಲ್ಲ. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮತ್ತೆ ಘಾಟಿ ಹತ್ತಬೇಕಿಲ್ಲ. ನಮಗೆ ಮಗಳ ಲೆಕ್ಕದ ಹಣ ವಾಪಸ್ ಬಂದಿದೆ. ಊಟದ್ದು ಇನ್ನೂ ಬಾಕಿ.